ಕೊಳಗ ಬದಲಾಯ್ತು, ಅಳೆಯುವ ಕೈ?

ಸಾಗರ, ಹೊಸನಗರ, ತೀರ್ಥಹಳ್ಳಿ ಅಂದಕೂಡಲೇ ನಮ್ಮ ವಿದ್ವಾಂಸರು ಎರಡು ಮಾತು ಹೇಳುತ್ತಾರೆ: ಒಂದು ಸಾಹಿತ್ಯ, ಇನ್ನೊಂದು ಸಮಾಜವಾದ. ಎರಡೂ ಸುಳ್ಳಲ್ಲ. ಆದರೆ ಈ ಮೂರು ತಾಲ್ಲೂಕುಗಳ ಹೊಲೆಯರ, ಮಾದಿಗರ, ಹಸಲರ ಮಕ್ಕಳು ಹೈಸ್ಕೂಲು ದಾಟಿ ಕಾಲೇಜಿನ ಬಾಗಿಲಿಗೆ ಹೋಗಿ ನಿಂತದ್ದೂ ಚರಿತ್ರೆಯೇ. ಆ ಬಾಗಿಲಲ್ಲಿ ಕೂತು ಒಳಗೆ ಬಿಡುವವರ ಅಳತೆಗೋಲು ಹೇಗೆ ಬದಲಾಗುತ್ತಾ ಬಂತು ಅನ್ನೋದನ್ನು ಇಲ್ಲಿ ನೋಡಬೇಕೆಂದಿದ್ದೇನೆ.

ಕಾಗೋಡಿನಿಂದಲೇ ಶುರು ಮಾಡೋಣ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಒಡೆಯರ ಎದುರು ಎದ್ದು ನಿಂತರು. ಎಚ್. ಗಣಪತಿಯಪ್ಪ ಅವರನ್ನು ಸಂಘಟಿಸಿದರು, ಸಮಾಜವಾದಿಗಳು ಜೊತೆಗೂಡಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳದ ಮೂಲಗಳಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೂ ಒಂದು. ಅಳತೆ ಅನ್ನೋದು ದೇವರು ಕೊಟ್ಟದ್ದಲ್ಲ, ಅದನ್ನು ಮಾಡಿಸಿದವರು ಯಾರು ಅಂತ ಕೇಳಬಹುದು ಎಂದು ಕಾಗೋಡು ಕಲಿಸಿತು.

ಆದರೆ ಗೇಣಿದಾರನೂ ಅಲ್ಲದವನ ಕಥೆ ಏನು? ಮಲೆನಾಡಿನ ಹೊಲೆಯರಲ್ಲಿ ಹುಟ್ಟಾಳು, ಮಣ್ಣಾಳು ಎಂದು ಎರಡು ಬಗೆ ಇದ್ದುದನ್ನು ಹಳೆಯ ಮೈಸೂರು ಗೆಜೆಟಿಯರೇ ಬರೆದಿದೆ. ಒಬ್ಬ ಒಡೆಯನ ಮನೆಯಲ್ಲೇ ಹುಟ್ಟಿದ ಆಳು, ಇನ್ನೊಬ್ಬ ಮಣ್ಣಿನ ಜೊತೆಗೇ ಕೈಬದಲಾಗುವ ಆಳು. ಅವರಿಗೆ ಗೇಣಿಯೂ ಇಲ್ಲ, ಕೊಳಗವೂ ಇಲ್ಲ. 1974ರ ಭೂಸುಧಾರಣಾ ತಿದ್ದುಪಡಿ ಜಾರಿಯಾದಾಗ ಗೇಣಿದಾರನೆಂದು ತೋರಿಸಿಕೊಳ್ಳಲು ಆದವನಿಗೆ ಭೂಮಿ ಬಂತು. ಅದೇ ಗದ್ದೆಯಲ್ಲಿ ಕೂಲಿಗೆ ಬಗ್ಗಿದವನಿಗೆ ಬರಲಿಲ್ಲ. ಹಾಗಾಗಿ ನಮ್ಮವರಿಗೆ ಉಳಿದದ್ದು ಅಕ್ಷರ ಒಂದೇ. ‘ಗದ್ದೆ ಇಲ್ಲ ಮಗಾ, ಓದ್ಕೋ’ ಅನ್ನೋ ಮಾತು ನಮ್ಮ ಕೇರಿಗಳಲ್ಲಿ ಉಪದೇಶವಲ್ಲ, ಆಸ್ತಿ ಪಾಲು.

ಓದಿದವನನ್ನು ಅಳೆದ ಬಗೆ ಹೇಗಿತ್ತು? 1962ರ ಜುಲೈನಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಇಂಜಿನಿಯರಿಂಗ್ ಸೀಟುಗಳಲ್ಲಿ ಶೇ. 68 ಮೀಸಲು ಮಾಡಿತು. ಅದರಲ್ಲಿ 50 ಹಿಂದುಳಿದವರಿಗೆ, 15 ಪರಿಶಿಷ್ಟ ಜಾತಿಗೆ, 3 ಪರಿಶಿಷ್ಟ ಪಂಗಡಕ್ಕೆ. ಯಾರು ಹಿಂದುಳಿದವರು ಎನ್ನಲು ನಾಗನಗೌಡ ಸಮಿತಿ ಹಿಡಿದ ಅಳತೆ ಸ್ವಾರಸ್ಯದ್ದು: ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಆ ಜಾತಿಯ ಸಾವಿರ ಜನಕ್ಕೆ ಎಷ್ಟು ಮಕ್ಕಳಿದ್ದಾರೆ? ರಾಜ್ಯದ ಸರಾಸರಿ 6.9. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದೇ ವರ್ಷ ಈ ಆದೇಶವನ್ನು ರದ್ದು ಮಾಡಿತು. ಸಾವಿರಕ್ಕೆ ಏಳು ಮಕ್ಕಳೂ ಹೈಸ್ಕೂಲಿನಲ್ಲಿ ಇಲ್ಲದ ನಾಡಿನಲ್ಲಿ ‘ಪ್ರತಿಭೆ’ಗೆ ಅನ್ಯಾಯವಾಯಿತೆಂಬ ವಾದ ನಡೆಯುತ್ತಿತ್ತು!

1963ರಲ್ಲಿ ಇನ್ನೊಂದು ಆದೇಶ. ಪರೀಕ್ಷೆಯ ಅಂಕಗಳ ಜೊತೆಗೆ ಸಂದರ್ಶನದ ಅಂಕ. ಸಾಮಾನ್ಯಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ ಇವನ್ನೆಲ್ಲ ನೋಡಿ ಕೊಡುವ ಅಂಕ. ಚಿತ್ರಲೇಖಾ ಮೊಕದ್ದಮೆಯಲ್ಲಿ 1964ರಲ್ಲಿ ಸುಪ್ರೀಂ ಕೋರ್ಟು ಸಂದರ್ಶನ ಪದ್ಧತಿ ತಪ್ಪಲ್ಲ ಎಂದಿತು. ಕಾನೂನಿನಲ್ಲಿ ತಪ್ಪಿಲ್ಲದಿರಬಹುದು. ಆದರೆ ಒಡೆಯರ ಅಂಗಳದಲ್ಲಿ ತಲೆ ತಗ್ಗಿಸಿ ನಿಂತು ಬೆಳೆದ ಹುಡುಗನ ‘ವ್ಯಕ್ತಿತ್ವ’ವನ್ನು ಐದು ನಿಮಿಷದಲ್ಲಿ ಯಾವ ಕಣ್ಣು ಅಳೆಯುತ್ತದೆ? ಸಂದರ್ಶನದಲ್ಲಿ ಊರು ಮಾತಾಡುತ್ತದೆ, ಅಪ್ಪನ ಹೆಸರು ಮಾತಾಡುತ್ತದೆ.

ಅದಕ್ಕೇ ನಾನು ಪಬ್ಲಿಕ್ ಪರೀಕ್ಷೆಯನ್ನು ಸುಲಭವಾಗಿ ಬಯ್ಯಲಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಉತ್ತರಪತ್ರಿಕೆ ಮೇಲೆ ಇರುವುದು ರಿಜಿಸ್ಟರ್ ನಂಬರು. ನಂಬರಿಗೆ ಜಾತಿ ಇಲ್ಲ. ಎಲ್ಲೋ ಕೂತು ತಿದ್ದುವ ಮೇಷ್ಟ್ರಿಗೆ ಬರೆದವನು ಯಾವ ಕೇರಿಯವನೆಂದು ಗೊತ್ತಾಗುವುದಿಲ್ಲ. ಫೇಲು ಮಾಡಿಸಿ ಮನೆಗೆ ಕಳಿಸಿದ್ದೂ ಅದೇ ಪರೀಕ್ಷೆ, ನಿಜ. ಆದರೆ ನಮ್ಮ ಮೊದಲ ತಲೆಮಾರಿನ ಮೇಷ್ಟ್ರು, ಗುಮಾಸ್ತರು ಬಂದದ್ದೂ ಅದೇ ಕಿಂಡಿಯಿಂದ.

ಆಮೇಲೆ ಕರ್ನಾಟಕಕ್ಕೆ ಸಿಇಟಿ ಬಂತು. ಕ್ಯಾಪಿಟೇಷನ್ ಕಾಲೇಜುಗಳ ಕಾಲ ಅದು. ಒಂದೇ ಪರೀಕ್ಷೆ, ಒಂದೇ ರ‍್ಯಾಂಕ್ ಪಟ್ಟಿ ಎಂಬುದು ಬಡವರಿಗೂ ಸಮಾಧಾನ ಕೊಟ್ಟಿತು. ಇಂಜಿನಿಯರಿಂಗಿಗೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕ ಎಂಬ ಲೆಕ್ಕ ಬಹುಕಾಲದಿಂದ ನಡೆದಿದೆ. ಈ ‘ಅರ್ಧ’ ಮುಖ್ಯ. ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಎರಡು ವರ್ಷ ಕೂತದ್ದಕ್ಕೆ ಅಲ್ಲಿ ಬೆಲೆ ಇದೆ. ಕೋವಿಡ್‌ನಿಂದ ಪಿಯು ಪರೀಕ್ಷೆ ನಡೆಯದ 2021ರಲ್ಲಿ ಮಾತ್ರ ಸಿಇಟಿಯೇ ಪೂರ್ತಿ ಅಳತೆಯಾಯಿತು.

ಮೆಡಿಕಲ್ಲಿನಲ್ಲಿ ಆ ಬೆಲೆ ಹೋಯಿತು. ಸುಪ್ರೀಂ ಕೋರ್ಟು 2013ರಲ್ಲಿ ರದ್ದು ಮಾಡಿದ್ದ ನೀಟ್ 2016ರಲ್ಲಿ ಮರಳಿತು. ಒಂದು ವರ್ಷದ ವಿನಾಯ್ತಿ ಮುಗಿದ ಮೇಲೆ 2017ರಿಂದ ನಮ್ಮ ಸರ್ಕಾರಿ ಸೀಟುಗಳಿಗೂ ಅದೇ ಅಳತೆ. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಸಿಕ್ಕಿದ್ದೂ ಆ ವರ್ಷವೇ. ಆದರೆ ಹತ್ತರವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಪಿಯು ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿತ ಮೇಲೆ ಆ ಕನ್ನಡವೂ ಅವಳಿಗೆ ಪರಕೀಯವೇ. ಪಿಯು ಅಂಕ ಈಗ ಅರ್ಹತೆಗಷ್ಟೆ: ಪರಿಶಿಷ್ಟರಿಗೆ ಶೇ. 40 ಸಾಕು, ರ‍್ಯಾಂಕಿಗೆ ಅದು ಸೇರುವುದಿಲ್ಲ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿಗೂ ಸಿಯುಇಟಿ ಬಂದಿದೆ.

ಇಲ್ಲಿ ನನ್ನ ತಕರಾರು ಇದು. ಪಿಯು ಪರೀಕ್ಷೆ ಹುಡುಗನನ್ನು ಮಾತ್ರ ಅಳೆಯುತ್ತಿರಲಿಲ್ಲ, ಸರ್ಕಾರವನ್ನೂ ಅಳೆಯುತ್ತಿತ್ತು. ಪಾಠ ಸರ್ಕಾರದ್ದು, ಮೇಷ್ಟ್ರು ಸರ್ಕಾರದವರು, ಪರೀಕ್ಷೆಯೂ ಸರ್ಕಾರದ್ದು. ಹೊಸನಗರದಲ್ಲಿ ಭೌತಶಾಸ್ತ್ರಕ್ಕೆ ಮೇಷ್ಟ್ರಿಲ್ಲದೆ ಮಕ್ಕಳು ಫೇಲಾದರೆ ಧರಣಿ ಕೂರಲು ಒಂದು ಆಫೀಸಿತ್ತು. ನೀಟ್‌ನಲ್ಲಿ ಹಿಂದೆ ಬಿದ್ದರೆ ಯಾರ ಹತ್ತಿರ ಹೋಗೋದು? ‘ಕೋಚಿಂಗಿಗೆ ಕಳ್ಸಿಲ್ವಾ?’ ಅಂತ ಅಪ್ಪ ಅಮ್ಮನನ್ನೇ ಕೇಳುತ್ತಾರೆ. ಜವಾಬ್ದಾರಿ ಸರ್ಕಾರದ ಹೆಗಲಿನಿಂದ ಕೂಲಿಯವನ ಹೆಗಲಿಗೆ ಜಾರಿತು. ಕೋಚಿಂಗ್ ಇರುವುದು ಮಂಗಳೂರು, ಬೆಂಗಳೂರಿನ ಕಡೆ. ಆದ್ದರಿಂದ ನಮ್ಮ ಮೀಸಲಾತಿಯ ಒಳಗೂ ಪಟ್ಟಣದ ನೌಕರನ ಮಗ ಮುಂದೆ, ಹಸಲರ ಹುಡುಗಿ ಹಿಂದೆ. ಇದನ್ನು ಹೇಳಿದರೆ ಮೀಸಲಾತಿ ವಿರೋಧಿಗಳಿಗೆ ಕೋಲು ಕೊಟ್ಟಂತೆ ಅನ್ನುವ ಗೆಳೆಯರಿದ್ದಾರೆ. ತಪ್ಪು ಮೀಸಲಾತಿಯದಲ್ಲ, ಕೋಚಿಂಗನ್ನು ಪ್ರತಿಭೆ ಎಂದು ಕರೆಯುವ ಅಳತೆಯದು.

2024ರ ಜುಲೈನಲ್ಲಿ, ಪ್ರಶ್ನೆಪತ್ರಿಕೆ ಸೋರಿಕೆಯ ಗದ್ದಲದ ನಡುವೆ, ನಮ್ಮ ವಿಧಾನಸಭೆ ನೀಟ್ ಬೇಡವೆಂದು ನಿರ್ಣಯ ಮಾಡಿತು. ಅದೇ ವರ್ಷ ನಮ್ಮದೇ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ 50 ಪ್ರಶ್ನೆಗಳನ್ನು ಕೈಬಿಡಬೇಕಾಯಿತು. ಅಂದರೆ ದೆಹಲಿಯ ಅಳತೆ ಕೆಟ್ಟದ್ದು, ಬೆಂಗಳೂರಿನದು ಒಳ್ಳೆಯದು ಅನ್ನುವಷ್ಟು ಸರಳವಿಲ್ಲ ಇದು.

ದಲಿತ ಚಳುವಳಿ ಭೂಮಿ ಕೇಳಿದೆ, ಹಾಸ್ಟೆಲು ಕೇಳಿದೆ, ಸ್ಕಾಲರ್‌ಶಿಪ್ ಕೇಳಿದೆ. ಈಗ ಪ್ರಶ್ನೆಪತ್ರಿಕೆಯನ್ನೂ ಕೇಳಬೇಕು. ಸಂದರ್ಶನ ಮತ್ತೆ ಬರಕೂಡದು. ಯಾವ ಪ್ರವೇಶಪರೀಕ್ಷೆ ಬಂದರೂ ಪಿಯು ಅಂಕಕ್ಕೆ ಅರ್ಧ ಪಾಲು ಇರಲೇಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ, ಕನ್ನಡದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಇರುವ ಮೀಸಲನ್ನು ಕೇಂದ್ರದ ಪರೀಕ್ಷೆಗಳೂ ಒಪ್ಪಬೇಕು. ಇದನ್ನು ಕೇಳಲು ಶಿವಮೊಗ್ಗಕ್ಕೆ ಹೋಗಬೇಕಿಲ್ಲ. ಮೂರೂ ತಾಲ್ಲೂಕಿನ ಪಿಯು ಕಾಲೇಜಿನ ಗೇಟುಗಳು ಹತ್ತಿರದಲ್ಲೇ ಇವೆ.