ಮುಂಬಯಿಯ ಕಡತಗಳಲ್ಲಿ ಕಾರವಾರ, ಅಂಕೋಲೆ

ಹಳೆಯ ಮುಂಬಯಿಯಲ್ಲಿ ನೆಲೆ ಕಂಡ ಕಾರವಾರ, ಅಂಕೋಲೆಯವರನ್ನು ಹುಡುಕಹೊರಟರೆ ಮೊದಲು ಕಾಲಿಗೆ ತೊಡರುವುದು ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ ಕೋರ್ಟು, ಪರೀಕ್ಷೆ, ನೌಕರಿ ಎಲ್ಲದಕ್ಕೂ ಮುಂಬಯಿಯೇ ದಿಕ್ಕಾಯಿತು. ಕಾರವಾರದಲ್ಲಿ ಆಗಬೋಟು ಹತ್ತಿದರಾಯಿತು. ಮಳೆಗಾಲದಲ್ಲಿ ಮಾತ್ರ ಅದೂ ಬಂದ್.

ಹೋದವರಲ್ಲಿ ಕಾಗದಪತ್ರ ಉಳಿಸಿದವರು ಸಾರಸ್ವತರು. 1906ರಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಸಂಘ, 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಶನ್, 1915ರಲ್ಲಿ ಗಾಮದೇವಿಯ ಗೃಹನಿರ್ಮಾಣ ಸಹಕಾರಿ ಸಂಘ. ಸಹಕಾರದ ಈ ಕೆಲಸದ ಹಿಂದೆ ಇದ್ದವರು ಶ್ರೀಪಾದ ಸುಬ್ಬರಾವ್ ತಲ್ಮಕಿ. 1896ರ ಪ್ಲೇಗಿನಲ್ಲಿ ತತ್ತರಿಸಿದ ಊರಿನಲ್ಲಿ ಗಾಳಿಬೆಳಕಿನ ಮನೆ ಎಂಬುದು ಸಣ್ಣ ಮಾತಾಗಿರಲಿಲ್ಲ. ಆದರೆ ‘ಕೆನರಾ’ ಎಂದರೆ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿ. ಅದರಲ್ಲಿ ಕಾರವಾರದ ಪಾಲನ್ನು ಬೇರ್ಪಡಿಸಲು ಆ ಹೆಸರು ಬಿಡುವುದಿಲ್ಲ.

ಭಾಷೆಯ ಗುರುತೂ ಅಷ್ಟೇ ಜಾರುವಂಥದ್ದು. ಕಾರವಾರದ ಮನೆಮಾತು ಬಹುಪಾಲು ಕೊಂಕಣಿ. ಗ್ರಿಯರ್ಸನ್ನರ ಭಾಷಾ ಸಮೀಕ್ಷೆ ಅದನ್ನು ಮರಾಠಿಯ ಉಪಭಾಷೆ ಎಂದೇ ಇಟ್ಟಿತು. ಆ ಎಣಿಕೆಯನ್ನು ನಂಬಿ ಕೂತರೆ ಕಾರವಾರದವನು ಮುಂಬಯಿಯ ಮರಾಠಿಗರೊಳಗೆ ಕರಗಿಹೋಗುತ್ತಾನೆ.

ಇನ್ನು ಅಡ್ಡಹೆಸರು. ‘ನಾಯಕ’ ಎಂಬ ಒಂದೇ ಪದ ಸಾಕು. ಅಂಕೋಲೆಯ ನಾಡವರು ನಾಯಕರು, ಗೌಡ ಸಾರಸ್ವತರಲ್ಲೂ ನಾಯಕರಿದ್ದಾರೆ. ಕೋಮಾರಪಂತರು, ನಾಮಧಾರಿಗಳು ನಾಯ್ಕರು. ಊರಿನಲ್ಲಿ ಕೂಡಲೇ ತಿಳಿಯುವ ಈ ‘ಯಕ’, ‘ಯ್ಕ’ಗಳ ಅಂತರ ಗುಮಾಸ್ತನ ಇಂಗ್ಲಿಷಿನಲ್ಲಿ ಅಳಿಸಿಹೋಗಬಹುದು. ಆಮೇಲೆ ಜಾತಿಯೂ ಇಲ್ಲ, ಮನೆಮಾತೂ ಇಲ್ಲ, ಊರಂತೂ ಇಲ್ಲ. (ಅಂಕೋಲೇಕರ ಎಂದು ಬರೆಸಿದವರು ಪುಣ್ಯಾತ್ಮರು.) ಆದ್ದರಿಂದ ಅಡ್ಡಹೆಸರೊಂದನ್ನೇ ಹಿಡಿದು ವಲಸೆಯ ಲೆಕ್ಕ ಹಾಕುವುದು ನನಗೆ ಒಪ್ಪಿಗೆಯಿಲ್ಲ, ಹುಟ್ಟೂರೂ ಜೊತೆಗೆ ಸಿಗಬೇಕು.

ಸಂಘ ಕಟ್ಟಿ ನೋಂದಾಯಿಸಿದವರ ಚರಿತ್ರೆಯನ್ನೇ ವಲಸಿಗರೆಲ್ಲರ ಚರಿತ್ರೆ ಎಂದುಕೊಳ್ಳುವ ರೂಢಿ ನಮ್ಮಲ್ಲಿದೆ. ಇದಕ್ಕೆ ಮದ್ದು ಅಂಕೋಲೆಯಿಂದಲೇ ಬಂದಿದೆ. ಅಲಗೇರಿಯ ದಿನಕರ ದೇಸಾಯಿ ಭಾರತ ಸೇವಕ ಸಮಾಜ ಸೇರಿ ಮುಂಬಯಿಯ ಹಡಗು ಕಾರ್ಮಿಕರ ನಡುವೆ ದುಡಿದರು. ಭಾರತದ ಹಡಗು ದುಡಿಮೆಯ ಕುರಿತ ಅವರ ಇಂಗ್ಲಿಷ್ ಪುಸ್ತಕ 1940ರಲ್ಲಿ ಅಚ್ಚಾಯಿತು. ನಾವು ಅವರನ್ನು ಚುಟುಕಗಳಿಗಷ್ಟೇ ನೆನೆಯುತ್ತೇವೆ. ಹಡಗಿನ ಆಳಿಗೆ ಗಾಮದೇವಿಯಲ್ಲಿ ಮನೆಯಿರಲಿಲ್ಲ. ಕೆಲಸ ಕೊಡಿಸುವ ಸಾರಂಗನಿಗೆ ರುಷುವತ್ತು ತೆತ್ತು, ಮುಂದಿನ ಹಡಗು ಸಿಗುವವರೆಗೆ ಬಂದರಿನ ಬಳಿ ಸಾಲದ ಮೇಲೆ ದಿನ ನೂಕುತ್ತಿದ್ದವನು ಅವನು. ಮುಂಬಯಿಯ ಕಾರವಾರ, ಅಂಕೋಲೆಯನ್ನು ಹುಡುಕುವವರು ಸಂಘಗಳ ವರದಿ ತೆರೆಯುವ ಮೊದಲು ಆ ಪುಸ್ತಕ ಓದಬೇಕು.