ಕೊನೇ ಸುತ್ತಿಗೆ ಎಷ್ಟು ಪಾಯಿಂಟು?

ಈ ವಾರದ ಕಂತನ್ನು ಒಂದು ಪ್ರಶ್ನೆಯಿಂದ ಶುರು ಮಾಡ್ತೇನೆ. ನಿಮ್ಮ ಮನೇಲಿ ಇಸ್ಪೀಟು ಆಡುವಾಗ ಲೆಕ್ಕ ಇಡ್ತಿದ್ದವರು ಯಾರು? ಎಲ್ಲಿ ಬರೀತಿದ್ರು? ಹಳೇ ಕ್ಯಾಲೆಂಡರಿನ ಹಿಂದೆಯಾ, ಸಿಗರೇಟು ಪ್ಯಾಕಿನ ಮೇಲಾ, ನೆಲದ ಮೇಲೆ ಸೀಮೆಸುಣ್ಣದಲ್ಲಾ?

ನಮ್ಮ ಅಜ್ಜನ ಮನೇಲಿ ಬರೀತಾನೇ ಇರಲಿಲ್ಲ. ಸೋಲನ್ನು ಕಿವಿಗೆ ನೇತುಹಾಕ್ತಿದ್ರು.

ಅಜ್ಜನ ಮನೆ ಇರೋದು ಮಂಜೇಶ್ವರದ ಹತ್ತಿರ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಮನೆಮಾತು ಕನ್ನಡವೇ ಉಳಿಯಿತು. ಆದರೆ ಜಗಲಿಯ ಆಟ ಮಾತ್ರ ಪೂರ್ತಿ ಮಲಯಾಳಿಗಳದ್ದು. ನಾಲ್ಕು ಜನ ಸೇರಿದರೆ ‘ಇಪ್ಪತ್ತೆಂಟು’, ಆರು ಜನ ಸೇರಿದರೆ ‘ಐವತ್ತಾರು’.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡ್ತೇನೆ. ಈ ಆಟದಲ್ಲಿ ಎಲ್ಲರಿಗಿಂತ ದೊಡ್ಡವನು ಗುಲಾಮ, ಅವನಿಗೆ 3 ಪಾಯಿಂಟು. ಆಮೇಲೆ ಒಂಬತ್ತು, ಅದಕ್ಕೆ 2. ಎಕ್ಕಕ್ಕೆ 1, ಹತ್ತಕ್ಕೆ 1. ರಾಜ, ರಾಣಿ ಇಬ್ಬರಿಗೂ ಸೊನ್ನೆ. ಒಂದು ಬಣ್ಣಕ್ಕೆ 7 ಆಯ್ತು, ನಾಲ್ಕು ಬಣ್ಣಕ್ಕೆ 28. ಎರಡು ಕಟ್ಟಿನ ಎಲೆ ಸೇರಿಸಿದ್ರೆ 56. ಹೆಸರೇ ಲೆಕ್ಕ. ಆಟಗಾರರು ಎರಡು ಪಕ್ಷ ಆಗ್ತಾರೆ, ಇಷ್ಟು ಪಾಯಿಂಟು ಹೊಡೀತೇವೆ ಅಂತ ಸವಾಲು ಕೂಗ್ತಾರೆ, ಕೂಗಿದಷ್ಟು ಹೊಡೆಯದಿದ್ದರೆ ಸೋಲು.

ಐವತ್ತಾರರಲ್ಲಿ ಒಂದೊಂದು ಪಕ್ಷಕ್ಕೂ ಆರಂಭದಲ್ಲಿ 12 ‘ಟೇಬಲ್’. ನಮ್ಮ ಜಗಲಿಯಲ್ಲಿ ಅದಕ್ಕೆ ಹುಣಸೆಬೀಜ. ಕೂಗಿದ್ದನ್ನು ಗೆದ್ದರೆ ಎಷ್ಟು ಬೀಜ ಸಿಗುತ್ತದೋ, ಸೋತರೆ ಅದಕ್ಕಿಂತ ಒಂದು ಜಾಸ್ತಿ ಕೊಡಬೇಕು. ಬಾಯಿ ಬಡಾಯಿಗೆ ದಂಡ ಅಂತಿಟ್ಟುಕೊಳ್ಳಿ. ಬೀಜ ಪೂರಾ ಖಾಲಿ ಆಯ್ತೋ, ಆ ಪಕ್ಷದವರ ಕಿವಿಗೆ ‘ಕುಣುಕ್ಕು’. ಕುಣುಕ್ಕು ಅಂದ್ರೆ ಮಲಯಾಳದಲ್ಲಿ ಹೆಂಗಸರ ಕಿವಿಯೋಲೆ. ಇಲ್ಲಿ ಅದು ಹಲಸಿನ ಎಲೆ, ಕಾಗದದ ಸುರುಳಿ, ಕೊನೆಕೊನೆಗೆ ಬಟ್ಟೆ ಒಣಹಾಕುವ ಕ್ಲಿಪ್ಪು. ಶಾಲೆಯಲ್ಲಿ ನಾವು ಹೆದರಿ ನಡುಗುತ್ತಿದ್ದ ಮಾಷ್ಟ್ರು ಎರಡೂ ಕಿವಿಗೆ ಹಲಸಿನೆಲೆ ಸಿಕ್ಕಿಸಿಕೊಂಡು, ಗಂಭೀರವಾಗಿ ಎಲೆ ಕಲಸ್ತಾ ಕೂತಿದ್ದನ್ನು ನಾನೇ ನೋಡಿದ್ದೇನೆ. ದಾರಿಯಲ್ಲಿ ಹೋಗೋರು ನಿಂತು, “ಎಂತ ಮಾಷ್ಟ್ರೇ, ಇವತ್ತು ಭಾರಿ ಅಲಂಕಾರ!” ಅಂದು ಮುಂದೆ ಹೋಗೋರು. ಮತ್ತೆ ಗೆದ್ದರೆ ಓಲೆ ತೆಗೀಬಹುದು. ಗೆಲ್ಲದಿದ್ರೂ, ಊಟಕ್ಕೆ ಏಳುವಾಗ ತೆಗೆದು ಅಂಗಳಕ್ಕೆ ಎಸೆದರಾಯ್ತು.

ಇದು ನಮ್ಮೂರಿನವರ ಹುಚ್ಚು ಅಂತಲೇ ನಾನು ಅಂದುಕೊಂಡಿದ್ದೆ. ಬಿ.ಕಾಂ ಮುಗಿಸಿ ಬೆಂಗಳೂರಿನ ಪಿಜಿಗೆ ಬಂದಾಗ ಕೋಣೆಯಲ್ಲಿ ಜೊತೆಗೆ ಸಿಕ್ಕಿದ್ದು ಒಬ್ಬ ಬಂಗಾಳಿ ಹುಡುಗ. ಒಂದು ಭಾನುವಾರ ಮಳೆ, ಕರೆಂಟಿಲ್ಲ. ಅವನು ಎಲೆ ತೆಗೆದ. ಗುಲಾಮನಿಗೆ 3, ಒಂಬತ್ತಿಗೆ 2, ಎಕ್ಕಕ್ಕೆ 1, ಹತ್ತಕ್ಕೆ 1. ನನಗೆ ಆಶ್ಚರ್ಯ! ಆದ್ರೆ ಅವನ ಆಟದ ಹೆಸರು ‘ಇಪ್ಪತ್ತೊಂಬತ್ತು’. ಆ ಒಂದು ಎಲ್ಲಿಂದ ಬಂತು? ಕೊನೇ ಸುತ್ತು ಹೊಡೆದವರಿಗೆ 1 ಪಾಯಿಂಟು ಅಂದ. ನಮ್ಮಲ್ಲಿ ಕೊನೇ ಸುತ್ತಿಗೆ ಬೇರೆ ಪಾಯಿಂಟಿಲ್ಲ. ಅವತ್ತು ಅರ್ಧ ಗಂಟೆ ಆಡಿದೆವು, ಒಂದು ಗಂಟೆ ಜಗಳ ಆಡಿದೆವು.

ಅವರ ಲೆಕ್ಕದ ರೀತಿಯೂ ಬೇರೆ. ಆಟಕ್ಕೆ ಬೇಡದೆ ಉಳಿದ ಎಲೆಗಳಲ್ಲಿ ಆರರ ಎಲೆಗಳನ್ನು ತಗೊಳ್ತಾರೆ, ಪಕ್ಷಕ್ಕೊಂದು ಕೆಂಪು ಆರು, ಒಂದು ಕಪ್ಪು ಆರು. ಗೆದ್ದರೆ ಕೆಂಪು ಎಲೆಯ ಒಂದು ಗುರುತು ತೆರೆದು ತೋರಿಸ್ತಾರೆ, ಸೋತರೆ ಕಪ್ಪಿನಲ್ಲಿ. ಆರು ಕೆಂಪು ತೆರೆದರೆ ಗೆಲುವು, ಆರು ಕಪ್ಪು ತೆರೆದರೆ ಸೋಲು. ಪೆನ್ನೂ ಬೇಡ, ಕಾಗದವೂ ಬೇಡ.

ಈ ಗುಲಾಮ ಮತ್ತು ಒಂಬತ್ತು ಎಲ್ಲಿಂದ ಬಂದ್ರು ಅಂತ ಹುಡುಕಿದಾಗ ನಾನು ಹೋಗಿ ತಲುಪಿದ್ದು ಯುರೋಪಿಗೆ. ನೆದರ್ಲೆಂಡ್ಸಿನಲ್ಲಿ ‘ಕ್ಲಾವರ್‌ಯಾಸ್’ ಅಂತ ಒಂದು ಆಟ, ಸ್ವಿಟ್ಜರ್ಲೆಂಡಿನಲ್ಲಿ ‘ಯಾಸ್’. ಎರಡರಲ್ಲೂ ತುರುಪಿನ ಗುಲಾಮನೇ ಮೊದಲು, ಅವನಿಗೆ 20. ತುರುಪಿನ ಒಂಬತ್ತು ಎರಡನೇದು, ಅದಕ್ಕೆ 14. ಎರಡೂ ಕಡೆ ಎಲೆಗಳ ಒಟ್ಟು 152. ಕೊನೇ ಸುತ್ತಿಗೆ ಸ್ವಿಸ್ ಜನ 5 ಕೊಡ್ತಾರೆ, ಒಟ್ಟು 157 ಆಗುತ್ತದೆ. ಡಚ್ಚರು 10 ಕೊಡ್ತಾರೆ, 162 ಆಗುತ್ತದೆ. ನೋಡಿ, ಅಲ್ಲೂ ಅದೇ ಕೊನೇ ಸುತ್ತಿನ ತಕರಾರು!

ಡಚ್ ಈಸ್ಟ್ ಇಂಡಿಯಾ ಕಂಪನಿ ಕೊಚ್ಚಿಯನ್ನು 1663ರಿಂದ 1795ರವರೆಗೆ ಹಿಡಿದಿತ್ತು. ಲಂಕೆಯ ಕರಾವಳಿಯಿಂದ ಪೋರ್ಚುಗೀಸರನ್ನು 1658ರಲ್ಲಿ ಹೊರಹಾಕಿ, 1796ರವರೆಗೆ ಅಲ್ಲಿತ್ತು. ಬಂಗಾಳದ ಚಿನ್ಸುರಾ 1825ರಲ್ಲಿ ಬ್ರಿಟಿಷರ ಕೈಗೆ ಹೋಗುವ ತನಕ ಡಚ್ಚರದ್ದೇ. ಈಗ ಆಟಗಳನ್ನು ನೋಡಿ. ಕೇರಳದಲ್ಲಿ 28. ಬಂಗಾಳದಲ್ಲಿ 29. ಲಂಕೆಯಲ್ಲಿ 304, ಅಲ್ಲಿ ಗುಲಾಮನಿಗೆ 30, ಒಂಬತ್ತಿಗೆ 20, ಎಕ್ಕಕ್ಕೆ 11, ಹತ್ತಕ್ಕೆ 10, ರಾಜನಿಗೆ 3, ರಾಣಿಗೆ 2. ನಮ್ಮ ಮೂರು, ಎರಡು, ಒಂದು, ಒಂದು ಅನ್ನೋದು ಇದರದ್ದೇ ಸೊನ್ನೆ ಕಳಚಿದ ರೂಪದ ಹಾಗೆ ಕಾಣ್ತದೆ.

ಡಚ್ಚರೇ ತಂದರು ಅನ್ನೋದು ಆಟಗಳ ಇತಿಹಾಸ ಬರೆದವರ ಊಹೆ, ದಾಖಲೆ ಸಹಿತ ಸಾಬೀತಾದದ್ದಲ್ಲ. ದಕ್ಷಿಣ ಆಫ್ರಿಕಾಕ್ಕೆ ಹೋದ ಭಾರತೀಯರ ಪ್ರಭಾವವೂ ಇರಬಹುದು ಅನ್ನೋರಿದ್ದಾರೆ. ಆದರೆ ಒಂದು ಸಾಕ್ಷಿ ನಮ್ಮ ಬಾಯಲ್ಲೇ ಇದೆ. ನಾವು ‘ಕಳಾವರ್’ ಅಂತೇವಲ್ಲ, ಅದು ಡಚ್ಚರ ‘ಕ್ಲಾವರ್’. ‘ಆಟೀನ್’ ಅವರ ‘ಹಾರ್ಟನ್’.

ಇಲ್ಲಿ ಒಂದು ವಿಷಯ ಗಮನಿಸಿ. ಗುಲಾಮ, ಒಂಬತ್ತು ಊರೂರು ಸುತ್ತಿದರೂ ಲೆಕ್ಕ ಇಡುವ ರೀತಿ ಅವರ ಜೊತೆ ಪ್ರಯಾಣ ಮಾಡಲಿಲ್ಲ. ಅದನ್ನು ಆಯಾ ಊರಿನವರೇ ಮಾಡಿಕೊಂಡರು. ಸ್ವಿಟ್ಜರ್ಲೆಂಡಿನಲ್ಲಿ ಸ್ಲೇಟು, ಸೀಮೆಸುಣ್ಣ. ಸ್ಲೇಟಿನ ಮೇಲೆ ಇಂಗ್ಲಿಷಿನ ‘ಝಡ್’ ಆಕಾರದ ಗೆರೆ. ಮೇಲಿನ ಗೆರೆಗೆ ನೂರುಗಳು, ಓರೆ ಗೆರೆಗೆ ಐವತ್ತುಗಳು, ಕೆಳಗಿನ ಗೆರೆಗೆ ಇಪ್ಪತ್ತುಗಳು, ಒಂದೊಂದಕ್ಕೂ ಒಂದು ಕಡ್ಡಿಗುರುತು. ಆಟ ಮುಗಿದರೆ ಒರೆಸಿಬಿಡೋದು.

ಕಾಮರ್ಸ್ ಓದಿದ ತಪ್ಪಿಗೆ ನನಗೆ ಎಲ್ಲವೂ ಖಾತೆಯಾಗಿಯೇ ಕಾಣ್ತದೆ. ಸ್ಲೇಟು, ಆರರ ಎಲೆ, ಹುಣಸೆಬೀಜ, ಕುಣುಕ್ಕು, ಈ ನಾಲ್ಕಕ್ಕೂ ಎರಡು ಗುಣ ಸಮಾನ. ಒಂದು, ಲೆಕ್ಕ ಎಲ್ಲರ ಕಣ್ಣೆದುರೇ ಇರ್ತದೆ. ಎರಡು, ಅದಕ್ಕೊಂದು ಮಿತಿ ಇದೆ. 12 ಬೀಜ ಮುಗಿದರೆ ಮುಗೀತು, ಆರು ಗುರುತು ತೆರೆದರೆ ಮುಗೀತು. ಸೊಸೈಟಿ ಲೆಕ್ಕದಲ್ಲಿ ‘ಆಖೈರು ಶಿಲ್ಕು’ ಅಂತ ಬರೆದು ಮರುದಿನಕ್ಕೆ ಒಯ್ತಾರಲ್ಲ, ಇಲ್ಲಿ ಆ ಕಾಲಮ್ಮೇ ಇಲ್ಲ. ನಾಳೆ ಎಲ್ಲರೂ ಸೊನ್ನೆಯಿಂದ ಶುರು.

ಇದನ್ನೆಲ್ಲ ಯಾಕೆ ಹೇಳ್ತಿದ್ದೇನೆ ಅಂದ್ರೆ, 2023ರಲ್ಲಿ ನನ್ನ ಚಿಕ್ಕಮ್ಮನ ಮಗ ಒಂದು ರಾತ್ರಿ ಫೋನ್ ಮಾಡಿದ. “ನೀನು ಬಿ.ಕಾಂ ಅಲ್ವಾ, ಒಂದು ಲೆಕ್ಕ ಮಾಡಿಕೊಡು” ಅಂದ. ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿದ. ರಮ್ಮಿ ಆ್ಯಪ್. ರಮ್ಮಿಯಲ್ಲಿ ಒಂದು ಕೈ ಸೋತರೆ ಹೆಚ್ಚೆಂದರೆ 80 ಪಾಯಿಂಟು. ಪಾಯಿಂಟಿಗೆ 5 ರೂಪಾಯಿ ಇಟ್ಟರೆ, ಕೆಲವೇ ನಿಮಿಷದಲ್ಲಿ 400 ಹೋಯ್ತು. ಮತ್ತೊಂದು ಕೈ, ಮತ್ತೊಂದು. ನಾನು ಕೂಡಿಸ್ತಾ ಹೋದೆ. ಹಾಕಿದ್ದು, ಬಂದದ್ದು ಕಳೆದು, 14 ತಿಂಗಳಲ್ಲಿ 1,86,000 ರೂಪಾಯಿ. ಬೈಕ್ ಮಾರಿದ್ದ. ಮನೇಲಿ ಸರ್ವಿಸ್‌ಗೆ ಕೊಟ್ಟಿದ್ದೇನೆ ಅಂದಿದ್ದ.

ಒಟ್ಟು ಎಷ್ಟು ಅಂತ ಅವನಿಗೇ ಅವತ್ತಿನ ತನಕ ಗೊತ್ತಿರಲಿಲ್ಲ. ಅದು ನನ್ನನ್ನು ಹೆದರಿಸಿತು. ಪ್ರತಿ ಪೈಸೆಯ ಲೆಕ್ಕವೂ ಯಂತ್ರದಲ್ಲಿದೆ, ಆಡಿದವನಿಗೆ ಮಾತ್ರ ಮೊತ್ತ ಗೊತ್ತಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಪ್ಪ-ಅಮ್ಮನಿಗೂ ಗೊತ್ತಿಲ್ಲ. ಅವನ ಕಿವಿಯಲ್ಲಿ ಒಂದು ಹಲಸಿನೆಲೆ ಇದ್ದಿದ್ದರೆ ಮೊದಲನೇ ವಾರವೇ ಯಾರಾದ್ರೂ “ಎಂತ ಮಾರಾಯ?” ಅಂತ ಕೇಳ್ತಿದ್ರು.

ಹಳೇ ಕಾಲವೇ ಚಿನ್ನ ಅಂತ ನಾನು ಹೇಳ್ತಿಲ್ಲ. ಜಾತ್ರೆಯ ಅಂದರ್ ಬಾಹರ್‌ನಲ್ಲಿ ಅಡಿಕೆ ತೋಟ ಕಳೆದುಕೊಂಡವರ ಕತೆ ನಮ್ಮ ಕಡೆ ಪ್ರತಿ ಊರಲ್ಲೂ ಇದೆ. ಸರ್ಕಾರಗಳೂ ಸುಮ್ಮನೆ ಕೂತಿಲ್ಲ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಆ ನಿಷೇಧವನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಇಂಥ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಕಾಯ್ದೆ ಆಟ ನಿಲ್ಲಿಸಬಹುದು. ಸೋತವನು ಸೋತೆ ಅಂತ ಮನೇಲಿ ಬಾಯಿಬಿಟ್ಟು ಹೇಳುವ ಧೈರ್ಯವನ್ನು ಕಾಯ್ದೆ ಕೊಡೋದಿಲ್ಲ.

ಕಳೆದ ದೀಪಾವಳಿಗೆ ಅಜ್ಜನ ಮನೇಲಿ ಎಲ್ಲ ಸೇರಿದ್ದೆವು. ಅಜ್ಜ ಈಗಿಲ್ಲ. ಐವತ್ತಾರಿಗೆ ಐದು ಜನ ಇದ್ದೆವು, ಒಬ್ಬರು ಕಮ್ಮಿ. ಚಿಕ್ಕಮ್ಮನ ಮಗ ಬಾಗಿಲ ಹತ್ತಿರ ನಿಂತಿದ್ದ. ಕರೆಯಬೇಕಾ ಬೇಡವಾ ಅಂತ ನಾನು ಅನುಮಾನಿಸ್ತಿದ್ದೆ. ಚಿಕ್ಕಮ್ಮನಿಗೆ ಅಷ್ಟರಲ್ಲಿ ಎಲ್ಲ ಗೊತ್ತಿತ್ತು. ಅವರೇ ಹುಣಸೆಬೀಜದ ಡಬ್ಬಿ ತಂದು ನಡುವೆ ಇಟ್ಟು, “ಬೀಜಕ್ಕೆ ಆಡೋದಾದ್ರೆ ಕೂತ್ಕೋ” ಅಂದ್ರು. ಕೂತ. ಅವನ ಪಕ್ಷವೇ ಸೋತಿತು. ಎರಡು ಕಿವಿಗೂ ಕ್ಲಿಪ್ಪು. ತಲೆ ತಗ್ಗಿಸಿದ ಅವನನ್ನು ನೋಡಿ ಅಜ್ಜಿ, “ಓಲೆ ಹಾಕಿದ್ರೆ ಎಂತ ಅವಮಾನ ನಿಂಗೆ? ನಾನು ಎಪ್ಪತ್ತು ವರ್ಷದಿಂದ ಹಾಕಿದ್ದೇನೆ” ಅಂದ್ರು. ಎಲ್ಲರೂ ನಕ್ಕೆವು, ಅವನೂ ನಕ್ಕ. ಊಟಕ್ಕೆ ಏಳುವಾಗ ಕ್ಲಿಪ್ಪು ತೆಗೆದು ಬಟ್ಟೆಯ ಹಗ್ಗಕ್ಕೇ ಹಾಕಿದ.

ನಿಮ್ಮೂರಲ್ಲಿ ಲೆಕ್ಕ ಹೇಗಿಡ್ತಾರೆ, ಸೋತವರಿಗೆ ಏನು ಮಾಡ್ತಾರೆ, ಕೊನೇ ಸುತ್ತಿಗೆ ಎಷ್ಟು ಕೊಡ್ತಾರೆ ಅಂತ ಒಂದು ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಕಂತಿನಲ್ಲಿ ಕೇಳಿಸ್ತೇನೆ.