ಉಪದೇಶಿ ಮೇಷ್ಟ್ರು: ನಮ್ಮ ತಂದೆಯವರ ನೆನಪು

ನನ್ನನ್ನು ಒಂದನೆಯ ತರಗತಿಗೆ ಸೇರಿಸಿದಾಗಿನ ದಾಖಲಾತಿ ಪುಸ್ತಕದಲ್ಲಿ, ತಂದೆಯ ಉದ್ಯೋಗ ಎಂಬ ಅಂಕಣದ ಕೆಳಗೆ ‘ವ್ಯವಸಾಯ’ ಎಂದು ಬರೆದಿದೆ. ಮುಂದೆ ನಾನೇ ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತ, ಇಂಥ ಅಂಕಣಗಳನ್ನು ಅದೆಷ್ಟೋ ಬಾರಿ ತುಂಬಿದ್ದೇನೆ. ಒಂದು ಪದದಲ್ಲಿ ಹಿಡಿಯಲಾರದ ಬದುಕುಗಳನ್ನು ಹೇಗೆ ಒಂದು ಪದಕ್ಕೆ ಇಳಿಸುತ್ತೇವೆಂಬುದು ನನಗೆ ಗೊತ್ತು. ನಮ್ಮ ತಂದೆಯವರಿಗೆ ಎರಡು ಎಕರೆ ಖುಷ್ಕಿ ಜಮೀನು ಇದ್ದುದು ನಿಜ. ಆದರೆ ಸುತ್ತಿನ ಆರು ಹಳ್ಳಿಗಳಲ್ಲಿ ಅವರನ್ನು ರೈತನೆಂದು ಯಾರೂ ಕರೆಯುತ್ತಿರಲಿಲ್ಲ. ಅವರು ಎಲ್ಲರಿಗೂ ‘ಉಪದೇಶಿ ಮೇಷ್ಟ್ರು’.

ನನ್ನ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ಈ ಪದ ಹೊಸದಿರಬಹುದು. ಕಥೋಲಿಕ ಕ್ರೈಸ್ತರಲ್ಲಿ ಪೂಜೆ ಅರ್ಪಿಸುವವರು ಗುರುಗಳು, ಹಳ್ಳಿಯವರ ಬಾಯಲ್ಲಿ ‘ಸ್ವಾಮಿಯೋರು’. ಸ್ವಾಮಿಗಳು ಇಲ್ಲದ ಊರುಗಳಲ್ಲಿ ಮಕ್ಕಳಿಗೆ ಜಪ ಕಲಿಸಿ, ಭಾನುವಾರ ಜನರನ್ನು ಸೇರಿಸಿ ಪ್ರಾರ್ಥನೆ ನಡೆಸಿ, ರೋಗಿಗಳ ಬಳಿ ಕುಳಿತು, ಸತ್ತವರನ್ನು ಮಣ್ಣುಮಾಡಿಸುವ ಗೃಹಸ್ಥನೇ ಉಪದೇಶಿ. ಅವನಿಗೆ ದೀಕ್ಷೆಯಿಲ್ಲ, ಕಾವಿಯೂ ಇಲ್ಲ, ನಿಲುವಂಗಿಯೂ ಇಲ್ಲ. ಹೆಂಡತಿ, ಮಕ್ಕಳು, ಸಾಲ, ದನಕರು ಎಲ್ಲವೂ ಉಂಟು.

ಮೈಸೂರು ಸೀಮೆಯಲ್ಲಿ ಈ ಧರ್ಮದ ಇತಿಹಾಸ ಬರೆದವರು ಸಾಮಾನ್ಯವಾಗಿ ಗುರುಗಳ ಹೆಸರುಗಳನ್ನೇ ಪೋಣಿಸುತ್ತಾರೆ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಇಟಲಿಯ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಬೋಧಿಸಿದರು. 1773ರಲ್ಲಿ ಪೋಪರೇ ಯೇಸುಸಭೆಯನ್ನು ವಿಸರ್ಜಿಸಿದರು. 1799ರಲ್ಲಿ ಟಿಪ್ಪು ಸುಲ್ತಾನರ ಪತನದ ನಂತರ ಫ್ರೆಂಚ್ ಗುರು ಅಬ್ಬೆ ದುಬೊಯಿಸ್ ಮೈಸೂರು ಸೀಮೆಗೆ ಬಂದು, ಚದುರಿದ್ದವರನ್ನು ಒಟ್ಟುಗೂಡಿಸಿ, ಸಿಡುಬಿಗೆ ಲಸಿಕೆ ಹಾಕಿಸಿ, ‘ದೊಡ್ಡ ಸ್ವಾಮಿಯೋರು’ ಎನಿಸಿಕೊಂಡು, 1823ರಲ್ಲಿ ಸ್ವದೇಶಕ್ಕೆ ಮರಳಿದರು. ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ. ನಾನು ಕೇಳಬಯಸುವ ಪ್ರಶ್ನೆ ಬೇರೆ. 1773ಕ್ಕೂ 1799ಕ್ಕೂ ನಡುವೆ, ಗುರುಗಳು ಬೆರಳೆಣಿಕೆಯಷ್ಟೇ ಇದ್ದ ಆ ಇಪ್ಪತ್ತಾರು ವರ್ಷಗಳಲ್ಲಿ, ಯುದ್ಧದ ಮೇಲೆ ಯುದ್ಧ ನಡೆದ ಆ ಸೀಮೆಯಲ್ಲಿ, ಮಕ್ಕಳಿಗೆ ಶಿಲುಬೆಯ ಗುರುತು ಹಾಕಲು ಕಲಿಸಿದವರು ಯಾರು? ಯಾವನೋ ಒಬ್ಬ ಉಪದೇಶಿಯೋ, ಒಬ್ಬ ಅಜ್ಜಿಯೋ ಕಲಿಸಿರಲೇಬೇಕು. ಅವರ ಹೆಸರು ಎಲ್ಲಿಯೂ ಇಲ್ಲ. ಈಚೆಗೆ ಒಂದು ದೇವಾಲಯದ ಸ್ಮರಣ ಸಂಚಿಕೆ ನನ್ನ ಕೈಸೇರಿತು. ಸೇವೆ ಸಲ್ಲಿಸಿದ ಗುರುಗಳ ಪಟ್ಟಿ ಎರಡು ಪುಟ, ಚಿತ್ರ ಸಮೇತ. ಉಪದೇಶಿಗಳ ಪಟ್ಟಿ ಇಲ್ಲ. ಅದನ್ನು ಓದಿ ಮುಗಿಸಿದ ರಾತ್ರಿಯೇ ಈ ಲೇಖನ ಬರೆಯಲು ಕುಳಿತೆ.

ಅಪ್ಪ ಹುಟ್ಟಿದ್ದು 1922ರಲ್ಲಿ. ಕನ್ನಡ ಲೋಯರ್ ಸೆಕೆಂಡರಿವರೆಗೆ ಓದಿದ್ದರು. 1946ರಲ್ಲಿ ಉಪದೇಶಿಯಾದರು. ನಮ್ಮೂರಿಗೆ ಸ್ವಾಮಿಗಳು ಬರುತ್ತಿದ್ದುದು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಅದೂ ಅನಿಶ್ಚಿತ. ಉಳಿದ ಭಾನುವಾರಗಳೆಲ್ಲ ಅಪ್ಪನವು. ಬೆಳಿಗ್ಗೆ ನಮ್ಮೂರಿನಲ್ಲಿ ಜಪಸರ ಮತ್ತು ಉಪದೇಶ ಮುಗಿಸಿ, ಅಮ್ಮ ಕಟ್ಟಿಕೊಟ್ಟ ಮುದ್ದೆಯನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಉಳಿದ ಹಳ್ಳಿಗಳಿಗೆ ಹೊರಡುತ್ತಿದ್ದರು. ಹಿಂದಿರುಗುವಾಗ ಕತ್ತಲಾಗಿರುತ್ತಿತ್ತು. ಗೌರವಧನವೆಂದು ತಿಂಗಳಿಗೆ 25 ರೂಪಾಯಿ ಬರುತ್ತಿದ್ದುದು ನನಗೆ ನೆನಪಿದೆ. ತಡವಾಗಿ ಬರುತ್ತಿದ್ದುದೂ ನೆನಪಿದೆ.

ಹಳೆಯ ನಿಯಮಗಳ ಕಾಠಿಣ್ಯವನ್ನು ಇಂದಿನವರು ಊಹಿಸುವುದು ಕಷ್ಟ. ಪರಮಪ್ರಸಾದ ಸ್ವೀಕರಿಸುವವರು ಹಿಂದಿನ ಮಧ್ಯರಾತ್ರಿಯಿಂದ ನೀರನ್ನೂ ಮುಟ್ಟುವಂತಿರಲಿಲ್ಲ. ನೀರಿಗೆ ಅನುಮತಿ ದೊರೆತದ್ದು 1953ರಲ್ಲಿ. ಅದಕ್ಕೆ ಮುಂಚೆ, ಸ್ವಾಮಿಗಳ ಎತ್ತಿನ ಗಾಡಿ ಹಳ್ಳದಲ್ಲಿ ಸಿಕ್ಕಿ ಮಧ್ಯಾಹ್ನವಾದರೂ ಬಾರದ ದಿನಗಳಲ್ಲಿ, ಉಪವಾಸವಿದ್ದ ಮುದುಕಿಯರು ಬವಳಿ ಬಂದು ಬೀಳುತ್ತಿದ್ದರಂತೆ. ‘ನೀರು ಕುಡೀರಮ್ಮ, ದೇವರಿಗೆ ನಾನು ಉತ್ತರ ಹೇಳ್ತೀನಿ’ ಎಂದು ಅಪ್ಪ ಒಮ್ಮೆ ಹೇಳಿಬಿಟ್ಟರಂತೆ. ಯಾರೂ ಕುಡಿಯಲಿಲ್ಲವಂತೆ. ಅಪ್ಪ ಈ ಕಥೆಯನ್ನು ನಗುತ್ತ ಹೇಳುತ್ತಿದ್ದರು. ಆದರೆ ಆಗ ಅವರು ಕೊಟ್ಟ ಮಾತು ಸಣ್ಣದಲ್ಲವೆಂದು ನನಗೆ ಈಗ ಅನಿಸುತ್ತದೆ.

ಹುಟ್ಟಿದ ಮಗು ಉಳಿಯುವುದಿಲ್ಲವೆಂದು ತೋರಿದರೆ ಸೂಲಗಿತ್ತಿ ಮೊದಲು ಅಪ್ಪನನ್ನು ಕರೆಸುತ್ತಿದ್ದಳು. ಪ್ರಾಣಾಪಾಯದಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದೆಂಬುದು ಧರ್ಮಸಭೆಯ ನಿಯಮ. ಅಂಥ ಮಕ್ಕಳ ಹೆಸರುಗಳನ್ನು ಅಪ್ಪ ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಕೆಲವು ಹೆಸರುಗಳ ಆಯುಸ್ಸು ಅರ್ಧ ಗಂಟೆ.

ಲ್ಯಾಟಿನ್ ವಿಚಾರ ಹೇಳದಿದ್ದರೆ ನನ್ನ ಅಕ್ಕಂದಿರು ಕೋಪಿಸಿಕೊಂಡಾರು. ಆಗ ಪೂಜೆಯೆಲ್ಲ ಲ್ಯಾಟಿನ್ನಿನಲ್ಲಿ, ಸ್ವಾಮಿಗಳು ಜನರಿಗೆ ಬೆನ್ನು ಮಾಡಿ ನಿಂತು ಅರ್ಪಿಸುತ್ತಿದ್ದರು. ಪೀಠಬಾಲಕರು ಲ್ಯಾಟಿನ್ನಿನಲ್ಲೇ ಉತ್ತರ ಹೇಳಬೇಕು. ಬೆಂಗಳೂರಿನಲ್ಲಿ 1861ರಲ್ಲೇ ಲ್ಯಾಟಿನ್-ಕನ್ನಡ ನಿಘಂಟು ಅಚ್ಚಾಗಿದ್ದರೂ ಅದು ವಿದ್ವಾಂಸರಿಗೆ ಮಾತ್ರ. ಅಪ್ಪ ಮಾಡಿದ ಉಪಾಯವೆಂದರೆ, ಉತ್ತರಗಳನ್ನೆಲ್ಲ ಕಿವಿಗೆ ಬಿದ್ದಂತೆ ಕನ್ನಡ ಲಿಪಿಯಲ್ಲಿ ಬರೆದು, ಮಗ್ಗಿಯಂತೆ ನಮಗೆ ಬಾಯಿಪಾಠ ಮಾಡಿಸಿದ್ದು. ಅರ್ಥ ಅವರಿಗೂ ಪೂರ್ತಿ ಗೊತ್ತಿರಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಜನರ ನುಡಿಯಲ್ಲಿ ಪೂಜೆಗೆ ಬಾಗಿಲು ತೆರೆಯಿತು. ಕೆಲವು ವರ್ಷಗಳಲ್ಲಿ ಅದು ನಮ್ಮ ಹಳ್ಳಿಯನ್ನೂ ಮುಟ್ಟಿತು. ಸ್ವಾಮಿಗಳು ಮೊದಲ ಬಾರಿಗೆ ನಮ್ಮ ಕಡೆಗೆ ಮುಖ ಮಾಡಿ ಕನ್ನಡದಲ್ಲಿ ಪೂಜೆ ಆರಂಭಿಸಿದಾಗ ಜನರಿಗೆ ಎಲ್ಲಿ ನೋಡಬೇಕೆಂದು ತೋಚದೆ ತಲೆ ತಗ್ಗಿಸಿದರು. ಅಂದು ಮನೆಗೆ ಬಂದ ಅಪ್ಪ ತಮ್ಮ ಲ್ಯಾಟಿನ್ ಪುಸ್ತಕವನ್ನೂ ಹೊಸ ಕನ್ನಡ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದರು. ‘ಇಷ್ಟು ವರ್ಷ ನಾವು ಹೇಳ್ತಾ ಇದ್ದದ್ದು ಇದನ್ನಾ!’ ಎಂದು ಅಮ್ಮನಿಗೆ ಹೇಳಿದರು. ಸಂತೋಷವೂ ಇತ್ತು, ಏನನ್ನೋ ಕಳೆದುಕೊಂಡ ಹಾಗೂ ಇತ್ತು.

ಇನ್ನು ನಾನು ಬಹುಕಾಲ ಯಾರಿಗೂ ಹೇಳದ ಒಂದು ಪ್ರಸಂಗ. 1965 ಮತ್ತು 66ರಲ್ಲಿ ಮಳೆ ಕೈಕೊಟ್ಟು ದೇಶದ ಅನೇಕ ಕಡೆ ಬರ ಬಿದ್ದಿತ್ತು. ಅಮೆರಿಕದ ಪಿ.ಎಲ್. 480 ಯೋಜನೆಯ ಗೋಧಿ, ಜೋಳದ ಹಿಟ್ಟು, ಎಣ್ಣೆ, ಹಾಲಿನಪುಡಿ ಬರುತ್ತಿದ್ದ ಕಾಲ. ಶಾಲೆಯ ಹಳದಿ ಉಪ್ಪಿಟ್ಟನ್ನು ನನ್ನ ವಯಸ್ಸಿನವರು ಯಾರೂ ಮರೆತಿರಲಾರರು. ಆ ಯೋಜನೆಯ ಸಾಮಗ್ರಿಯ ಒಂದು ಪಾಲು ಕಥೋಲಿಕ ಪರಿಹಾರ ಸಂಸ್ಥೆಯ ಮೂಲಕ ಧರ್ಮಪ್ರಾಂತ್ಯಗಳಿಗೆ ಬಂದು, ಅಲ್ಲಿಂದ ಹಳ್ಳಿಗಳಿಗೆ ಹಂಚಿಕೆಯಾಗುತ್ತಿತ್ತು. ಕೈಕುಲುಕುವ ಎರಡು ಕೈಗಳ ಚಿತ್ರವಿದ್ದ ಆ ಮೂಟೆಗಳನ್ನು ನಮ್ಮೂರಿನಲ್ಲಿ ಇಟ್ಟ ಕೋಣೆಯ ಬೀಗದ ಕೈ ಅಪ್ಪನ ಸೊಂಟದಲ್ಲಿತ್ತು. ಬಡವರ ಪಟ್ಟಿ ಮಾಡಿದವರೂ ಅವರೇ. ಅದರಲ್ಲಿ ಕ್ರೈಸ್ತರಲ್ಲದವರ ಮನೆಗಳೂ ಇದ್ದವು. ನಮ್ಮ ಮನೆ ಮಾತ್ರ ಇರಲಿಲ್ಲ. ‘ಹಂಚುವವನ ಹೆಸರು ಪಟ್ಟಿಯಲ್ಲಿ ಇರಬಾರದು’ ಎಂಬುದು ಅವರ ನ್ಯಾಯ. ಆರು ಮಕ್ಕಳ ತಾಯಿಗೆ ಈ ನ್ಯಾಯ ಹೇಗೆ ಕಂಡಿರಬೇಕು! ಅಮ್ಮ ಮೂರು ದಿನ ಅಪ್ಪನೊಡನೆ ಮಾತಾಡಲಿಲ್ಲ.

ಎಂಟು ವರ್ಷದ ನಾನು ಒಂದು ಮಧ್ಯಾಹ್ನ, ಹಂಚಿಕೆಯ ಗದ್ದಲದಲ್ಲಿ, ಒಂದು ಹಿಡಿ ಹಾಲಿನಪುಡಿಯನ್ನು ಬಾಯಿಗೆ ಹಾಕಿಕೊಂಡೆ. ಅದು ಅಂಗಳಕ್ಕೆ ಅಂಟಿಕೊಂಡು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡುತ್ತಿದ್ದಾಗ ಅಪ್ಪ ನೋಡಿದರು. ಹೊಡೆಯಲಿಲ್ಲ, ಬೈಯಲೂ ಇಲ್ಲ. ನೀರು ಕೊಟ್ಟರು. ಅನಂತರ ಹಂಚಿಕೆಯ ಲೆಕ್ಕದ ಪುಸ್ತಕ ತೆರೆದು, ಅಂದಿನ ದಿನಾಂಕದ ಕೆಳಗೆ ಬರೆದರು: ‘ನನ್ನ ಮಗ ತೆಗೆದುಕೊಂಡದ್ದು, ಒಂದು ಹಿಡಿ.’ ತಿಂಗಳ ಕೊನೆಗೆ ಬಂದ ಸ್ವಾಮಿಗಳು ಅದನ್ನು ಗಟ್ಟಿಯಾಗಿ ಓದಿ ಬಿದ್ದು ಬಿದ್ದು ನಕ್ಕರು. ಸುತ್ತ ನಿಂತಿದ್ದವರೂ ನಕ್ಕರು. ನಾನು ನಗಲಿಲ್ಲ.

ಮರುವರ್ಷವೇ ನನ್ನನ್ನು ಮೈಸೂರಿನ ಒಂದು ಉಚಿತ ವಿದ್ಯಾರ್ಥಿನಿಲಯಕ್ಕೆ ಸೇರಿಸಿದರು. ದಸರೆಗೆ, ಕ್ರಿಸ್ಮಸ್ಸಿಗೆ, ಬೇಸಿಗೆ ರಜೆಗೆ ಮಾತ್ರ ಊರು. ಅಪ್ಪನಿಗೆ ಆರು ಹಳ್ಳಿಗಳ ಮಕ್ಕಳಿಗೆ ಸಮಯವುಂಟು, ತನ್ನ ಮಗನಿಗೆ ಇಲ್ಲ ಎಂಬ ಭಾವನೆ ನನ್ನಲ್ಲಿ ಬೇರೂರಿತು. ಅದು ಸುಮಾರು ಇಪ್ಪತ್ತು ವರ್ಷ ನನ್ನೊಳಗೆ ಉಳಿಯಿತೆಂದು ಇಂದು ಒಪ್ಪಿಕೊಳ್ಳುತ್ತೇನೆ. ಬಿ.ಎಡ್. ಮುಗಿಸಿ ಕೆಲಸ ಸಿಕ್ಕಿದ ಮೇಲೆ ಊರಿಗೆ ಹಣ ಕಳುಹಿಸುತ್ತಿದ್ದೆ, ಕಾಗದ ಬರೆಯುತ್ತಿದ್ದುದು ಕಡಿಮೆ. ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಡೋರ್ನಹಳ್ಳಿಗೆ ಜೊತೆಯಲ್ಲಿ ಹೋಗೋಣವೆಂದು ಅವರು ಪ್ರತಿ ವರ್ಷ ಬರೆಯುತ್ತಿದ್ದರು. ಶಾಲೆ ಈಗಷ್ಟೇ ಆರಂಭವಾಗಿದೆ, ರಜೆ ಸಿಗದು ಎಂದು ನಾನು ಪ್ರತಿ ವರ್ಷ ಉತ್ತರಿಸುತ್ತಿದ್ದೆ. ಒಂದು ದಿನದ ರಜೆ ಸಿಗದೆ ಇರುತ್ತಿತ್ತೆ?

1989ರಲ್ಲಿ ಅಪ್ಪ ತೀರಿಕೊಂಡರು. ಆರು ಹಳ್ಳಿಗಳ ಜನರೂ ಬಂದಿದ್ದರು. ಶವಸಂಸ್ಕಾರದ ಬಳಿಕ ಅವರ ಕಬ್ಬಿಣದ ಪೆಟ್ಟಿಗೆ ತೆರೆದಾಗ ಸಿಕ್ಕಿದ್ದು ಒಂದು ಜಪಸರ, ಲ್ಯಾಟಿನ್ ಪುಸ್ತಕ, ಮತ್ತು ಅವರ ಹಳ್ಳಿ ಸುತ್ತಿನ ದಿನಚರಿ. ಯಾವ ದಿನ ಯಾವ ಊರು, ಎಷ್ಟು ಮಂದಿ ಬಂದಿದ್ದರು, ಯಾವ ಪಾಠ ಎಂದು ಚಾಚೂ ತಪ್ಪದೆ ಬರೆದಿದ್ದರು. 1968ರ ಪುಟಗಳಿಗೆ ಬಂದಾಗ ಸುತ್ತಿನ ವಿವರವೇ ಇರಲಿಲ್ಲ. ಎಂಟು ತಿಂಗಳು ಒಂದು ಹಳ್ಳಿಯ ಹೆಸರೂ ಇಲ್ಲ.

ಆ ವರ್ಷ ಅಮ್ಮನಿಗೆ ಕ್ಷಯರೋಗವಾಗಿತ್ತು. ಮೈಸೂರಿನ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆಯಲ್ಲಿ ಕೆಲವು ವಾರವಿದ್ದು ಊರಿಗೆ ಮರಳಿದ್ದರೆಂಬುದಷ್ಟೇ ನನಗೆ ತಿಳಿದಿತ್ತು. ಮಕ್ಕಳಿಗೆ ಹರಡೀತೆಂಬ ಭಯದಿಂದ ಆ ವರ್ಷ ನನ್ನನ್ನು ರಜೆಗೂ ಕರೆಸಿಕೊಳ್ಳಲಿಲ್ಲ. ನಾನು ಅದಕ್ಕೂ ಬೇರೆ ಅರ್ಥ ಕಟ್ಟಿಕೊಂಡಿದ್ದೆ. ದಿನಚರಿಯ ಮಡಿಕೆಯಲ್ಲಿ ಸ್ವಾಮಿಗಳಿಗೆ ಅಪ್ಪ ಬರೆದ ಕಾಗದದ ನಕಲು ಇತ್ತು. ತಮ್ಮ ಹೆಂಡತಿ ಗುಣವಾಗುವವರೆಗೆ ಹೊರ ಹಳ್ಳಿಗಳಿಗೆ ಹೋಗಲಾರೆನೆಂದೂ, ಮಾಡದ ಕೆಲಸಕ್ಕೆ ಗೌರವಧನ ಬೇಡವೆಂದೂ, ಮದುವೆಯ ದಿನ ಬಲಿಪೀಠದ ಮುಂದೆ ಕೊಟ್ಟ ಮಾತು ಉಪದೇಶಿಯಾಗುವಾಗ ಕೊಟ್ಟ ಮಾತಿಗಿಂತ ಹಳೆಯದೆಂದೂ ಅದರಲ್ಲಿ ಬರೆದಿದ್ದರು.

ಮಿಕ್ಕದ್ದನ್ನು ದೊಡ್ಡಕ್ಕ ಹೇಳಿದಳು. ಅಪ್ಪ ಬೆಳಿಗ್ಗೆ ಎದ್ದು ಮುದ್ದೆ ತಿರುವಿ, ಅಮ್ಮನ ಬಟ್ಟೆ ಬೇರೆ ಒಗೆದು ಕುದಿಸಿ, ಅವರನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ನಾಲ್ಕು ಮೈಲಿ ದೂರದ ಆರೋಗ್ಯ ಕೇಂದ್ರಕ್ಕೆ ಸ್ಟ್ರೆಪ್ಟೊಮೈಸಿನ್ ಸೂಜಿ ಹಾಕಿಸಲು ಹೋಗುತ್ತಿದ್ದರಂತೆ. ಗಂಡಸು ಹೆಂಡತಿಯ ಸೀರೆ ಒಗೆಯುವುದನ್ನು ನೋಡಿ ಕೆರೆ ಏರಿಯ ಮೇಲೆ ಆಡಿಕೊಂಡವರೂ ಇದ್ದರಂತೆ. ಭಾನುವಾರಗಳಂದು, ಅಪ್ಪ ಹೋಗಲಾರದ ಹಳ್ಳಿಗಳ ಜನ ತಾವೇ ನಮ್ಮ ಮನೆಯಂಗಳಕ್ಕೆ ಬಂದು ಜಪಸರ ಹೇಳಿ, ರಾಗಿ, ಸೌದೆ, ಹುರುಳಿ ಇಟ್ಟು ಹೋಗುತ್ತಿದ್ದರಂತೆ. ಆಗ ಮಾತ್ರ ಅಪ್ಪ ಬೇಡವೆನ್ನಲಿಲ್ಲವೆಂದು ಅಕ್ಕ ಹೇಳಿದಳು.

1965ರಲ್ಲೇ ವ್ಯಾಟಿಕನ್ ಮಹಾಸಭೆ ಧರ್ಮಪ್ರಸಾರದ ಕುರಿತ ತನ್ನ ಆದೇಶಪತ್ರದಲ್ಲಿ ಉಪದೇಶಿಗಳನ್ನು ಕೊಂಡಾಡಿ, ಪೂರ್ಣಕಾಲ ದುಡಿಯುವವರಿಗೆ ನ್ಯಾಯವಾದ ವೇತನವೂ ಬದುಕಿನ ಭದ್ರತೆಯೂ ಸಿಗಬೇಕೆಂದು ಹೇಳಿತ್ತು. ಅಪ್ಪನ 25 ರೂಪಾಯಿ ಮುಂದೆ 60 ಆಯಿತು. ಪಿಂಚಣಿಯೆಂಬುದು ಇರಲಿಲ್ಲ. ಆ ಕಾಲದ ಸ್ವಾಮಿಗಳ ಕೈಯೂ ಬರಿದೇ ಆಗಿತ್ತೆಂಬುದನ್ನು ಬಲ್ಲೆ, ಆದ್ದರಿಂದ ಯಾರನ್ನೂ ದೂರಲಾರೆ. ಆದರೂ ಬರೆದದ್ದಕ್ಕೂ ನಡೆದದ್ದಕ್ಕೂ ಇರುವ ದೂರವನ್ನು ಇತಿಹಾಸದ ಮೇಷ್ಟ್ರಾದ ನಾನು ಹೇಳದೆ ಬಿಡಬಾರದು. 2021ರ ಮೇ 10ರಂದು ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸರು ಉಪದೇಶಿಯ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವೆಯಾಗಿ ಸ್ಥಾಪಿಸಿದರು. ಮರುವರ್ಷದ ಜನವರಿಯಲ್ಲಿ ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಕೆಲವು ಗೃಹಸ್ಥರಿಗೆ, ಸ್ತ್ರೀಯರಿಗೂ ಸೇರಿ, ತಾವೇ ಆ ಪದವಿಯನ್ನು ನೀಡಿದರು. ಆ ಸುದ್ದಿಯನ್ನು ನನ್ನ ಮಗಳು ಓದಿ ಹೇಳಿದಾಗ ಅಪ್ಪ ಹೋಗಿ ಮೂವತ್ತೆರಡು ವರ್ಷ ದಾಟಿತ್ತು.

ಹಾಲಿನಪುಡಿಯ ಲೆಕ್ಕದ ಪುಸ್ತಕ ಏನಾಯಿತೋ ಪತ್ತೆಯಿಲ್ಲ. ದಿನಚರಿ ನನ್ನ ಬಳಿ ಇದೆ. 1968ರ ಆ ಪುಟಗಳಲ್ಲಿ ಹಳ್ಳಿಗಳ ಹೆಸರಿರಬೇಕಾದ ಜಾಗದಲ್ಲಿ ಪೆನ್ಸಿಲಿನ ಸಣ್ಣ ಗೀಟುಗಳಿವೆ, ಒಂದು ದಿನಕ್ಕೆ ಒಂದು. ಅವು ಅಮ್ಮನ ಸೂಜಿಗಳ ಲೆಕ್ಕ. ಎಣಿಸಿ ನೋಡಿದೆ, 90 ಇವೆ. ಕ್ರಿಸ್ಮಸ್ಸಿಗೆ ಮನೆಗೆ ಬರುವ ಮಕ್ಕಳು ಮೊಮ್ಮಕ್ಕಳು ಕೇಳಿದರೆ ತೆಗೆದು ತೋರಿಸುತ್ತೇನೆ. ಹಾಳೆಗಳು ಜೀರ್ಣವಾಗಿವೆ, ದಯವಿಟ್ಟು ಕೈ ಒರೆಸಿಕೊಂಡು ಮುಟ್ಟಬೇಕು.